ರೀಡಿ ಹೊಳೆಯ ಹೆಣ್ಣು, ಟೆನ್ನೆಸೀ ನದಿಯ ಗಂಡು

ಅಟ್ಲಾಂಟಾದಲ್ಲಿ ಸಂಬಂಧಿಕರ ಮದುವೆ. ಊಟ ಮುಗಿದು ಬಾಳೆಹಣ್ಣಿನ ಪುಡಿಂಗ್‌ಗೆ ಸಾಲು ನಿಂತಿದ್ದಾಗ ನನ್ನ ಅಕ್ಕ ವರ್ನೆಲ್‌ಗೆ ರಾಸ್ಕೋ ಪೆಟ್ವೇ ಪರಿಚಯವಾದರು. ಪರಿಚಯ ಅನ್ನುವುದು ಮರ್ಯಾದೆಯ ಮಾತು. ನಿಜವಾಗಿ ನಡೆದದ್ದು ಜಗಳ.

ಅಕ್ಕನಿಗೆ ಆಗ ಅರವತ್ತು ದಾಟಿತ್ತು. ಗ್ರೀನ್‌ವಿಲ್‌ನಲ್ಲಿ ಹೆಂಗಸರ ಕೂದಲು ಹೆಣೆದು, ಕತ್ತರಿಸಿ, ಸಿಂಗಾರ ಮಾಡುವ ಅಂಗಡಿ ಅವಳದು. ಅಲ್ಲಿ ಮೊದಲ ಕುರ್ಚಿ ಅವಳದು, ಎರಡನೆಯದು ತಂಗಿ ಟಿಲ್ಲಿಯದು, ಅಂದರೆ ನನ್ನದು. ವಯಸ್ಸಿದ್ದಾಗ ಅಮ್ಮನ ಆರೋಗ್ಯ, ತಮ್ಮಂದಿರ ಓದು ಅಂತ ಓಡಾಡಿ, ಆಮೇಲೆ ‘ಇನ್ನೇನು ಮದುವೆ ಬಿಡೇ’ ಅಂದುಬಿಟ್ಟವಳು. ರಾಸ್ಕೋ ಚಾಟನೂಗದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಶಾಲೆಯ ಬಸ್ಸು ಓಡಿಸಿ ನಿವೃತ್ತರಾಗಿದ್ದರು.

“ಯಾವೂರಾಯ್ತು?” ಅಂತ ಅವರೇ ಮಾತು ತೆಗೆದರು.

“ಗ್ರೀನ್‌ವಿಲ್.”

“ಯಾವ ಗ್ರೀನ್‌ವಿಲ್ಲು? ರಾಜ್ಯಕ್ಕೊಂದು ಇದೆಯಲ್ಲ.”

ಅಕ್ಕ ತಟ್ಟೆ ಹಿಡಿದುಕೊಂಡೇ ತಿರುಗಿದಳು. “ಇರೋದು ಒಂದೇ ರೀ. ಉಳಿದವೆಲ್ಲ ನಮ್ಮ ಹೆಸರು ಇಟ್ಕೊಂಡಿವೆ. ತಮ್ಮದು?”

“ಚಾಟನೂಗ.”

“ಓ, ಗೊತ್ತು ಬಿಡಿ. ಬೇರೆ ಎಲ್ಲಿಗೋ ಹೋಗುವಾಗ ಕಾರಿನ ಕಿಟಕೀಲಿ ಕಾಣಿಸುತ್ತೆ.”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ರಾಸ್ಕೋ ಬಿಡುವ ಆಸಾಮಿಯಲ್ಲ. ನಮ್ಮ ಪೇಟೆ ನೋಡಿದ್ದೀರಾ ಅಂತ ಅವರು, ನಮ್ಮ ಜಲಪಾತ ನೋಡಿದ್ದೀರಾ ಅಂತ ಇವಳು. ಒಂದು ಕಾಲದಲ್ಲಿ ನಮ್ಮ ಮುಖ್ಯ ರಸ್ತೆಯಲ್ಲಿ ಸಂಜೆ ಹೊತ್ತು ನಾಯಿಯೂ ಓಡಾಡುತ್ತಿರಲಿಲ್ಲ, ಈಗ ಬಂದು ನೋಡಿ ಅಂತ ಅಕ್ಕ ಅಂದಳು.

“ಅದೇನು ಮಹಾ? ನಮ್ಮ ಪೇಟೆ ನಿಮಗಿಂತ ಮುಂಚೇನೇ ಹಾಳು ಬಿದ್ದಿತ್ತು, ನಿಮಗಿಂತ ಮುಂಚೇನೇ ಎದ್ದು ನಿಂತಿತು!” ಅಂದರು ರಾಸ್ಕೋ.

ಹಾಳು ಬಿದ್ದದ್ದರಲ್ಲೂ ತಾವೇ ಮುಂದು ಎನ್ನುವ ಮನುಷ್ಯನನ್ನು ಅಕ್ಕ ಅದುವರೆಗೆ ನೋಡಿರಲಿಲ್ಲ. ನಗು ತಡೆಯಲಾರದೆ ಅವರ ತಟ್ಟೆಗೆ ತಾನೇ ಪುಡಿಂಗ್ ಬಡಿಸಿದಳು. ಅದನ್ನು ನೋಡಿದಾಗಲೇ ನನಗೆ ಅನುಮಾನ ಬಂತು. ಅಕ್ಕ ಬೇರೆಯವರ ತಟ್ಟೆಗೆ ಬಡಿಸುವವಳಲ್ಲ.

ಮುಂದಿನ ಶನಿವಾರವೇ ರಾಸ್ಕೋ ಅಟ್ಲಾಂಟಾ ದಾಟಿಕೊಂಡು, ತಮ್ಮೂರಿನ ಮೂನ್‌ಪೈ ಬಿಸ್ಕತ್ತಿನ ಡಬ್ಬ ಹೊತ್ತು ಗ್ರೀನ್‌ವಿಲ್‌ಗೆ ಬಂದಿಳಿದರು. ಅಂಗಡಿ ನಾನು ನೋಡಿಕೊಳ್ಳುತ್ತೇನೆ ಅಂದರೂ ಅಕ್ಕ ಕೇಳಲಿಲ್ಲ, ಜೊತೆಗೆ ನಾನೂ ಬರಬೇಕಂತೆ. ಮೂವರೂ ಮುಖ್ಯ ರಸ್ತೆಯ ಮರಗಳ ನೆರಳಲ್ಲಿ ನಡೆದು ರೀಡಿ ಹೊಳೆಯ ತೂಗುಸೇತುವೆಗೆ ಹೋದೆವು. ಕೆಳಗೆ ಬಂಡೆಗಳ ಮೇಲೆ ನೀರು ಜಾರುತ್ತಿತ್ತು, ಮಕ್ಕಳು ಚಪ್ಪಲಿ ಬಿಚ್ಚಿ ಕಾಲು ಇಳಿಬಿಟ್ಟಿದ್ದರು.

ರಾಸ್ಕೋ ಬಗ್ಗಿ ನೋಡಿದರು. “ಇದೇನಾ ನಿಮ್ಮ ನದಿ? ನಮ್ಮ ಕಡೆ ಯಾರೋ ನಲ್ಲಿ ನಿಲ್ಲಿಸೋದು ಮರೆತರೆ ಇಷ್ಟು ನೀರು ಹರಿಯುತ್ತೆ.”

“ನಿಮ್ಮದರಲ್ಲಿ ದೋಣಿ ಓಡುತ್ತೆ, ನಮ್ಮದರಲ್ಲಿ ಮಕ್ಕಳು ಆಡ್ತಾವೆ. ಮಕ್ಕಳು ಆಡೋ ನೀರೇ ಚೆಂದ ಕಣ್ರೀ.”

ಅಷ್ಟು ಮಾತಾಡುವುದಕ್ಕೂ ಅವಳಿಗೆ ಪುರಸೊತ್ತಿರಲಿಲ್ಲ. ಹತ್ತು ಹೆಜ್ಜೆಗೊಬ್ಬರು ಎದುರಾಗುತ್ತಿದ್ದರು. “ಮಿಸ್ ವರ್ನೆಲ್, ಗುರುವಾರ ಬರ್ಲಾ?” ಅಂತ ಒಬ್ಬಳು. “ಮಿಸ್ ವರ್ನೆಲ್, ಈ ಬಣ್ಣ ಯಾಕೋ ನಿಲ್ತಾನೇ ಇಲ್ಲ ನೋಡಿ,” ಅಂತ ನಡುಸೇತುವೆಯಲ್ಲೇ ತಲೆ ಬಗ್ಗಿಸಿದಳು ಇನ್ನೊಬ್ಬಳು. ಅಕ್ಕ ಅವಳ ಕೂದಲು ಬಿಡಿಸಿ ನೋಡಿ, ಬುದ್ಧಿ ಹೇಳಿ ಕಳಿಸಿದಳು.

ಹಳೆಯ ಬಟ್ಟೆ ಗಿರಣಿಯನ್ನೂ ತೋರಿಸಿದೆವು. ಗಾಲಿಕುರ್ಚಿ ಹಿಡಿದಿರುವ ನಮ್ಮಮ್ಮ ವಯಸ್ಸಿನಲ್ಲಿ ನೂಲು ತೆಗೆದ ಜಾಗ ಅದು, ಈಗ ಬಾಡಿಗೆ ಮನೆಗಳಾಗಿದೆ. “ಅಮ್ಮ ಬೆವರು ಸುರಿಸಿದ ಜಾಗಕ್ಕೆ ಸರಿಯಾಗಿ ಈಜುಕೊಳ ಕಟ್ಟಿದ್ದಾರೆ,” ಅಂತ ಅಕ್ಕ ನಕ್ಕಳು. ರಾಸ್ಕೋ ಮಾತ್ರ ಎತ್ತರದ ಕಿಟಕಿಗಳನ್ನೂ ಕೆಂಪಿಟ್ಟಿಗೆಯ ಗೋಡೆಯನ್ನೂ ಕಣ್ಣರಳಿಸಿ ನೋಡುತ್ತಿದ್ದರು. ಸಂಜೆ ಪೀಚ್ ಹಣ್ಣು ಹಾಕಿ ಬೇಯಿಸಿದ ಕಾಬ್ಲರ್ ಎಂಬ ಸಿಹಿ ತಿನ್ನುವಾಗ ಅವರು ಒಂದೇ ಒಂದು ಕೊಂಕು ತೆಗೆದರು: ತಟ್ಟೆ ಚಿಕ್ಕದಾಯಿತಂತೆ.

ಆಮೇಲೆ ನಮ್ಮ ಸರದಿ. ಚಾಟನೂಗದಲ್ಲಿ ರಾಸ್ಕೋ ಮೊದಲು ನಮ್ಮನ್ನು ಬೆಟ್ಟ ಹತ್ತುವ ರೈಲಿಗೆ ಕೂರಿಸಿದರು. ಅದು ಹತ್ತುವುದಲ್ಲ, ಗೋಡೆಗೆ ಹಲ್ಲಿ ಅಂಟಿಕೊಂಡಂತೆ ಮೇಲಕ್ಕೆ ಹೋಗುವುದು. ಅಕ್ಕ ಮೊದಲ ತಿರುವಿನಲ್ಲೇ ಕಿರುಚಿ ರಾಸ್ಕೋ ತೋಳು ಹಿಡಿದವಳು ಮೇಲೆ ತಲುಪಿದರೂ ಬಿಡಲಿಲ್ಲ. ನಾನು ಬೇಕಂತಲೇ ಇನ್ನೊಂದು ಕಿಟಕಿಯ ಕಡೆ ನೋಡಿದೆ.

ಇಳಿದ ಮೇಲೆ ಊರು ಸುತ್ತಿದೆವು. ರಾಸ್ಕೋಗೆ ಒಂದು ಚಾಳಿ. ಯಾವ ಬೀದಿಗೆ ಹೋದರೂ ಈಗಿರುವುದನ್ನು ತೋರಿಸುವುದಿಲ್ಲ, ಮೊದಲಿದ್ದದ್ದನ್ನೇ ತೋರಿಸುತ್ತಾರೆ. “ಇಲ್ಲಿ ನಮ್ಮ ಗೆಳೆಯನ ಕ್ಷೌರದಂಗಡಿ ಇತ್ತು. ಈ ಹೋಟ್ಲಿದೆಯಲ್ಲ, ಇಲ್ಲಿ ನಮ್ಮ ಕಾರ್ಖಾನೆ ಕುಲುಮೆ.” ಹೋಟೆಲಿನ ಮುಂದೆ ಹುಡುಗರು ಹುಡುಗಿಯರು ಕಾಫಿ ಕುಡಿಯುತ್ತ ನಗುತ್ತಿದ್ದರು. ಅಕ್ಕ ಅವರನ್ನು ನೋಡುತ್ತಿದ್ದಳು, ರಾಸ್ಕೋ ಕುಲುಮೆಯನ್ನು ನೋಡುತ್ತಿದ್ದರು.

ಇಳಿಹೊತ್ತಿನಲ್ಲಿ ನಡೆದುಹೋಗುವವರಿಗಷ್ಟೇ ಬಿಟ್ಟಿರುವ ದೊಡ್ಡ ಸೇತುವೆಗೆ ಬಂದೆವು. ಕಾಲಕೆಳಗೆ ಮರದ ಹಲಗೆ, ಅದರ ಕೆಳಗೆ ಟೆನ್ನೆಸೀ ನದಿ ಅಗಲವಾಗಿ, ಅವಸರವಿಲ್ಲದೆ ಹೋಗುತ್ತಿತ್ತು. ಗುರುತಿಲ್ಲದ ಹೆಂಗಸೊಬ್ಬಳು “ನಿಮ್ಮ ಟೋಪಿ ಎಷ್ಟು ಚೆನ್ನಾಗಿದೆ ರೀ!” ಅಂದು ಅಕ್ಕನ ಜೊತೆ ಆ ತುದಿಯವರೆಗೂ ಮಾತಾಡುತ್ತ ನಡೆದು, ಕೈಬೀಸಿ ಹೊರಟುಹೋದಳು. ಅಕ್ಕ ಕಂಬಿಗೆ ಒರಗಿ ನಿಂತಳು.

“ಟಿಲ್ಲೀ, ನೋಡಿದ್ಯಾ? ಅವಳು ಕೂದಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಕಣೇ.”

ಆ ಬೇಸಿಗೆಯಲ್ಲಿ ಕಾರುಗಳು ಅತ್ತಿಂದಿತ್ತ ಓಡಿದವು. ಬಹುವಚನ ಹೋಗಿ ಏಕವಚನ ಬಂತು. ಕೊನೆಗೊಂದು ದಿನ ಅಂಗಡಿಯಲ್ಲಿ, ಇಬ್ಬರು ಗಿರಾಕಿಗಳು ತಲೆ ಒಣಗಿಸಿಕೊಳ್ಳುತ್ತಿರುವಾಗಲೇ, ರಾಸ್ಕೋ ಅಕ್ಕನನ್ನು ಮದುವೆಯಾಗು ಅಂತ ಕೇಳಿದರು. ಯಂತ್ರದ ಸದ್ದಿಗೆ ಅಕ್ಕನಿಗೆ ಕೇಳಿಸಲಿಲ್ಲ. ಕುರ್ಚಿಯಲ್ಲಿದ್ದ ಮುದುಕಿಯೇ, “ಮದುವೆ ಆಗು ಅಂತಿದ್ದಾನೆ, ಹೂಂ ಅನ್ನೇ ಮಾರಾಯ್ತಿ, ನನ್ನ ತಲೆ ಸುಡ್ತಿದೆ,” ಅಂದಳು. ಅಕ್ಕ ಹೂಂ ಅಂದಳು.

ಈಗ ಉಳಿದದ್ದು ಒಂದೇ ಪ್ರಶ್ನೆ. ಸಂಸಾರ ಹೂಡುವುದು ಯಾವ ಊರಲ್ಲಿ?

ಇಬ್ಬರೂ ಬಾಯಿಬಿಡಲಿಲ್ಲ. ಕೇಳಿದರೆ ‘ನೋಡೋಣ’ ಅನ್ನುವುದು, ಮಾತು ಬದಲಿಸುವುದು. ಇದು ಹೀಗೇ ಬಿಟ್ಟರೆ ಮುಗಿಯುವುದಿಲ್ಲ ಅಂತ ನಮ್ಮ ಚರ್ಚಿನ ಪಾದ್ರಿ ಗಿಲ್ಯಾರ್ಡ್ ಒಂದು ಉಪಾಯ ಮಾಡಿದರು. ನಿಶ್ಚಿತಾರ್ಥದ ಊಟದ ದಿನ ಚರ್ಚಿನ ಹಾಲ್‌ನಲ್ಲಿ ಇಬ್ಬರೂ ಎದ್ದು ತಮ್ಮ ತಮ್ಮ ಊರಿನ ಪರವಾಗಿ ವಾದ ಮಾಡಬೇಕು, ಬಂದವರು ತೀರ್ಪು ಕೊಡಬೇಕು. ಚಾಟನೂಗದಿಂದ ರಾಸ್ಕೋ ಕಡೆಯವರು ಒಂದು ವ್ಯಾನು ತುಂಬ ಬಂದರು. ಕರಿದ ಕೋಳಿ, ಮ್ಯಾಕರೋನಿ, ಕೊಲಾರ್ಡ್ ಸೊಪ್ಪು ಎಲ್ಲ ಮುಗಿದು ಸಿಹಿ ಚಹಾ ಸುರಿಯುವಾಗ ಪಾದ್ರಿಗಳು ಲೋಟಕ್ಕೆ ಚಮಚ ಬಡಿದರು.

ಮೊದಲು ಅಕ್ಕ ಎದ್ದಳು. “ನಮ್ಮ ಗ್ರೀನ್‌ವಿಲ್...” ಅಂತ ಶುರು ಮಾಡಿ ನಿಂತುಬಿಟ್ಟಳು. ನಮ್ಮವರು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಅವಳು ಟೋಪಿ ಸರಿಮಾಡಿಕೊಂಡಳು.

“ಇದು ಚೆಂದದ ಊರು. ಅದನ್ನ ನಾನು ಹೇಳ್ಬೇಕಾ? ದಿನಾ ಹೊಸಬರು ಸಾಮಾನು ಇಳಿಸ್ತಾ ಇದ್ದಾರೆ. ಆದ್ರೆ ಆ ಹೊಸಬರನ್ನ ನೋಡಿದ್ರೆ ನಂಗೆ ಹೊಟ್ಟೆಕಿಚ್ಚು. ಅವರು ಈ ಬೀದೀಲಿ ಕೈಬೀಸ್ಕೊಂಡು ಹೋಗ್ತಾರೆ. ನಾನು ಹೊರಗೆ ಕಾಲಿಟ್ಟರೆ ಎಲ್ಲಾ ತಲೆ ಬಗ್ಗಿಸಿ ಕೂದಲು ತೋರಿಸ್ತೀರಾ! ನಂಗೆ ಚಾಟನೂಗ ಬೇಕು. ಅಲ್ಲಿ ಆ ಸೇತುವೆ ಮೇಲೆ ನಾನು ಯಾರೂ ಅಲ್ಲ. ಎಷ್ಟು ಹಗುರ ಇತ್ತು ಗೊತ್ತಾ?”

ರಾಸ್ಕೋ ಕುರ್ಚಿ ತಳ್ಳಿ ಎದ್ದರು.

“ಏ, ನಿಲ್ಲು ನಿಲ್ಲು. ಏನ್ ಹೇಳ್ತಿದೀಯ? ನಾನು ಗ್ರೀನ್‌ವಿಲ್ ಕೇಳೋಣಾಂತ ಬಂದಿದ್ದೀನಿ!”

“ಏನು?”

“ಹೂಂ ಮತ್ತೆ! ನಮ್ಮೂರಲ್ಲಿ ನಂಗೆ ಕಾಣೋದೆಲ್ಲ ಹೋದದ್ದೇ. ಹೊಸ ಕಟ್ಟಡ ನೋಡಿದ್ರೆ ಹಳೇ ಗೋಡೆ ಕಣ್ಣಿಗೆ ಕಟ್ಟುತ್ತೆ. ಇಲ್ಲಿ ಹಂಗಿಲ್ಲ. ಇಲ್ಲಿ ಮರ ಅಂದ್ರೆ ಮರ, ಅಂಗಡಿ ಅಂದ್ರೆ ಅಂಗಡಿ. ನಾನು ಇಲ್ಲೇ ಇರ್ತೀನಿ.”

“ಆ ನಲ್ಲಿ ನೀರಿನ ಪಕ್ಕ?”

“ನಿಮ್ಮ ನೀರನ್ನ ಬೈಬೇಡ ನೀನು! ಜಲಪಾತ ಕಣೇ ಅದು!”

“ಅಷ್ಟು ದೊಡ್ಡ ನದಿ ಬಿಟ್ಟು ಬರ್ತೀನಿ ಅಂತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

ಹೀಗೆ ಒಬ್ಬರ ಊರಿನ ಪರ ಇನ್ನೊಬ್ಬರು ಗಂಟಲು ಹರಿದುಕೊಳ್ಳುವಾಗ ಚಪ್ಪಾಳೆ ತಟ್ಟುವುದು ಯಾರಿಗೆ ಅಂತ ಯಾರಿಗೂ ತಿಳಿಯಲಿಲ್ಲ. ಚಾಟನೂಗದವರು ಅಕ್ಕನಿಗೆ ಜೈ ಅಂದರು, ನಮ್ಮವರು ರಾಸ್ಕೋಗೆ. ಪಾದ್ರಿ ಗಿಲ್ಯಾರ್ಡ್ ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದರು.

ಕೊನೆಗೆ ಗಾಲಿಕುರ್ಚಿಯಲ್ಲಿದ್ದ ನಮ್ಮಮ್ಮ ಯೂಲಾ ಕೈ ಎತ್ತಿದರು. ಅಮ್ಮನಿಗೆ ಮಾತು ಕಡಿಮೆ. ನಗು ಅಡಗಿತು.

“ರಾಸ್ಕೋ, ನೀನು ಬಸ್ಸು ಓಡಿಸಿದೋನು. ನಾಲ್ಕು ಬೀದಿ ತಿರುಗಿದೋನು. ನನ್ನ ಮಗಳು ಹುಡುಗಿಯಾಗಿದ್ದಾಗಿಂದ ಒಂದೇ ಕುರ್ಚಿ ಹಿಂದೆ ನಿಂತಿದ್ದಾಳೆ. ನಮಗೋಸ್ಕರಾನೇ ನಿಂತಿದ್ದು. ಅವಳನ್ನ ಕರ್ಕೊಂಡು ಹೋಗಪ್ಪ. ನನ್ನನ್ನ ಟಿಲ್ಲಿ ನೋಡ್ಕೋತಾಳೆ.”

ರಾಸ್ಕೋ ಅಮ್ಮನ ಕುರ್ಚಿಯ ಪಕ್ಕ ಮಂಡಿಯೂರಿದರು. “ಆಯ್ತಮ್ಮ,” ಅಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. “ನೀನು ನಂಗೆ ನಮ್ಮೂರು ಈಗ ಹೇಗಿದೆ ಅಂತ ತೋರಿಸ್ಬೇಕು. ನಾನು ಇನ್ನೂ ಸರಿಯಾಗಿ ನೋಡೇ ಇಲ್ಲ.”

ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ನಾನಂತೂ ಎರಡನ್ನೂ ಮಾಡಿದೆ. ಅಂಗಡಿ ನನ್ನದಾಗುತ್ತದೆ ಎಂಬ ಖುಷಿ ಒಂದು ಕಡೆ, ಪಕ್ಕದ ಕುರ್ಚಿಯಿಂದ ನನ್ನ ಕೆಲಸಕ್ಕೆ ಕೊಂಕು ತೆಗೆಯುವವರು ಇನ್ನಿರುವುದಿಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಮದುವೆ ನಮ್ಮ ಚರ್ಚಿನಲ್ಲೇ ಆಯಿತು. ಎಲೆ ಉದುರುವ ಕಾಲಕ್ಕೆ ನಾನು ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಅವರನ್ನು ನೋಡಲು ಹೋದೆ. ಅಕ್ಕ ನದಿಯ ಉತ್ತರ ದಂಡೆಯ ಮನೆಯ ಮುಂಗೋಣೆಯಲ್ಲಿ ಒಂದೇ ಒಂದು ಕುರ್ಚಿ ಹಾಕಿಕೊಂಡಿದ್ದಳು. ವಾರಕ್ಕೆ ಎರಡು ದಿನ ಕೆಲಸ. ಉಳಿದ ದಿನ ಬಾಗಿಲು ತಟ್ಟಿದರೂ ತೆಗೆಯುವುದಿಲ್ಲವಂತೆ. ಊಟಕ್ಕೆ ಕೂತಾಗ ಇಲ್ಲಿನ ಗಾಳಿ, ಇಲ್ಲಿನ ತರಕಾರಿ ಸಂತೆ, ಇಲ್ಲಿನ ಜನ ಅಂತ ಅವಳ ಬಾಯಿ ನಿಲ್ಲಲಿಲ್ಲ. ರಾಸ್ಕೋ ಮಾತ್ರ ಗ್ರೀನ್‌ವಿಲ್‌ನ ಮರಗಳ ನೆರಳು ಇಲ್ಲೆಲ್ಲಿ ಬರಬೇಕು ಅಂತ ನನ್ನ ಪಕ್ಷ ಹಿಡಿದರು.

ಮಧ್ಯಾಹ್ನ ನಮ್ಮನ್ನು ನದಿ ದಂಡೆಯ ದಾರಿಗೆ ಕರೆದೊಯ್ದರು. ಅಕ್ಕ ಮನೆಯಿಂದಲೇ ಒಂದು ನೀಲಿ ಸೈಕಲ್ ತಳ್ಳಿಕೊಂಡು ಬಂದಿದ್ದಳು. ಈ ವಯಸ್ಸಲ್ಲಿ ಸೈಕಲ್ ಕಲಿಯುತ್ತಿದ್ದಾಳೆ!

“ಬೀಳ್ತೀಯ ಅಕ್ಕ!” ಅಂದೆ.

“ಬಿದ್ದರೆ ಇಲ್ಲಿ ನೋಡೋರು ಯಾರಿದ್ದಾರೆ?” ಅಂದಳು.

ರಾಸ್ಕೋ ಸೀಟು ಹಿಡಿದು ಓಡಿದರು. ಅಕ್ಕ ಗಂಟೆ ಬಾರಿಸುತ್ತ ಹೊರಟಳು. ದಾರಿಯಲ್ಲಿ ಕೂತಿದ್ದ ಹೆಬ್ಬಾತುಗಳು ಗಂಟೆಗೆ ಕವಡೆ ಕಿಮ್ಮತ್ತು ಕೊಡಲಿಲ್ಲ. ಅವುಗಳನ್ನು ತಪ್ಪಿಸಲು ಹೋಗಿ ಅಕ್ಕ ಸೈಕಲ್ ಸಮೇತ ಹುಲ್ಲಿನ ಮೇಲೆ ಉರುಳಿ, ಎದ್ದೇಳದೆ ಅಲ್ಲೇ ಅಂಗಾತ ಬಿದ್ದುಕೊಂಡು ಹೊಟ್ಟೆ ಹಿಡಿದು ನಕ್ಕಳು. ಅಮ್ಮ ಗಾಲಿಕುರ್ಚಿಯ ಕೈ ಬಡಿದು ಬಡಿದು ನಕ್ಕರು. ಅಮ್ಮ ಹಾಗೆ ನಕ್ಕದ್ದು ನಾನು ಯಾವತ್ತೋ ನೋಡಿದ್ದು.

“ಇನ್ನೊಂದ್ಸಲ,” ಅಂತ ಅಕ್ಕ ಕೈ ಚಾಚಿದಳು. ರಾಸ್ಕೋ ಒಂದು ಕೈ ಹಿಡಿದರು, ನಾನು ಇನ್ನೊಂದು ಹಿಡಿದೆ. ಇಬ್ಬರೂ ಎಳೆದು ನಿಲ್ಲಿಸಿದೆವು.