ಅಂಗಾಲಿನ ಮಚ್ಚೆ

ಅಂಗಡಿಯಲ್ಲಿ ಗಿರಾಕಿಯೊಬ್ಬನ ಶರ್ಟಿನ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿರುವಾಗಲೇ ಜೇಬಿನಲ್ಲಿ ಫೋನು ಗುರುಗುಟ್ಟಿತು, ಹೆಲ್ಪ್‌ಲೈನಿನ ನಂಬರು, ಬಲಗೈಗೆ ಬಿಡುವಿಲ್ಲ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು, ಅಕ್ಕಾ ನಾನು, ಮಾತಾಡಬಹುದಾ, ಎಂದಿತು ಆ ಹುಡುಗಿಯ ದನಿ, ಯಾವಾಗಲೂ ಇದೇ ದನಿ, ಸಕ್ಕರೆ ಸ್ವಲ್ಪ ಹೆಚ್ಚೇ, ಕಾಣೆಯಾದ ಮಕ್ಕಳ ಮನೆಯವರೊಂದಿಗೆ ಹೀಗೇ ಮಾತಾಡಬೇಕು ಅಂತ ಯಾರೋ ಕೂರಿಸಿಕೊಂಡು ಕಲಿಸಿರಬೇಕು, ದನಿಯ ಹಿಂದೆ ಇನ್ನೂ ಎಷ್ಟೋ ಫೋನುಗಳು, ಯಾರೋ ನಕ್ಕರು — ನಗುವಂಥದ್ದು ಏನಿದೆ ಅಲ್ಲಿ? ಸಿಕ್ಕಳಾ, ಎಂದು ಕೇಳಿದಳು ಇವಳು. ಇಲ್ಲ ಅಕ್ಕಾ, ಹಾಗಲ್ಲ, ನಿಜವಲ್ಲ ಅಂತ ನಾವು ಕೈಬಿಟ್ಟ ಕರೆಗಳನ್ನೂ ಮನೆಯವರಿಗೆ ಹೇಳಬೇಕು ಅಂತ ರೂಲ್ಸು, ಒಂದು ಬಂದಿತ್ತು, ನಿಮ್ಮ ಮಗು ಅಲ್ಲ, ಸುಮ್ನೆ ತಿಳಿಸೋಣ ಅಂತ. ಸುಮ್ನೆ! ಸುಮ್ಮನೆ ಯಾರೂ ಏನನ್ನೂ ತಿಳಿಸುವುದಿಲ್ಲ, ಬಸ್ ನಿಲ್ದಾಣದ ಗದ್ದಲದಲ್ಲಿ ಮಗಳು ಕಳೆದುಹೋದ ಮೇಲೆ ಇವಳು ಕಲಿತ ಪಾಠ ಅದೊಂದೇ, ನೀರಿನ ಬಾಟಲಿ ತರಲು ಹೋದ ಗಂಡ, ಚೀಲಗಳನ್ನು ಕಾಯುತ್ತಿದ್ದ ನಾದಿನಿ, ಟಿಕೆಟಿನ ಸಾಲಿನಲ್ಲಿ ನಿಂತ ತಾನು, ಮೂವರೂ ಮಗು ಇನ್ನೊಬ್ಬರ ಹತ್ತಿರ ಇದೆ ಎಂದುಕೊಂಡಿದ್ದರು — ಅಥವಾ ಹಾಗೆಂದು ಹೇಳಿದರು, ಹೇಳುವುದಕ್ಕೇನು, ನಾಲಿಗೆಗೆ ಮೂಳೆ ಇದೆಯೇ. ಇನ್ನೂ ನಾಲ್ಕು ತುಂಬದ ಮಗು, ನಿದ್ದೆಯಲ್ಲೂ ಬಾಯಿ ಮುಚ್ಚದ ಮಗು, ಅಪ್ಪ ಇಟ್ಟ ಹೆಸರು ರೇಡಿಯೋ, ಏಯ್ ರೇಡಿಯೋ, ಸ್ವಲ್ಪ ಆಫ್ ಆಗೇ, ಯಾರೇ ನಿನಗೆ ಬ್ಯಾಟರಿ ಹಾಕಿದ್ದು, ನಾದಿನಿ ಅದಕ್ಕೆ ನಗುತ್ತಾ ಅಂದದ್ದು, ನಮ್ಮನೇಲಿ ಗೋಡೆ ಜೊತೆ ಮಾತಾಡಿ ಸಾಕಾಗಿದೆ ಅತ್ತಿಗೆ, ನಿಮ್ಮ ರೇಡಿಯೋನ ನನಗೆ ಕೊಟ್ಬಿಡಿ. ಆಗ ಎಲ್ಲರೂ ನಕ್ಕಿದ್ದರು, ಈಗ ಆ ಮಾತನ್ನು ಇವಳು ತಿರುವಿ ತಿರುವಿ ನೋಡುತ್ತಾಳೆ, ಅಂಗಿಯ ಒಳಮಗ್ಗುಲಿನ ಹೊಲಿಗೆ ನೋಡುವ ಹಾಗೆ, ದಿನಾ ಫೋನ್ ಮಾಡುತ್ತಾಳಲ್ಲ ಮಹಾತಾಯಿ, ಹೆಲ್ಪ್‌ಲೈನಿಂದ ಏನಾದ್ರೂ ಬಂತಾ ಅತ್ತಿಗೆ — ಬಂದರೆ ಅವಳಿಗೇನು ಭಯ?

ಯಾಕಮ್ಮ, ನನ್ನ ಮಗು ಅಲ್ಲ ಅಂತ ನೀವೇ ಹೇಗೆ ತೀರ್ಮಾನ ಮಾಡಿದ್ರಿ, ಎಂದು ಕೇಳಿದಳು, ಗುರುತು ಹೊಂದಲಿಲ್ಲ ಅಕ್ಕಾ, ಅಂಗಾಲಿನ ಮಚ್ಚೆ. ಅಂಗಾಲಿನ ಮಚ್ಚೆ — ಇಸ್ತ್ರಿಪೆಟ್ಟಿಗೆ ಶರ್ಟಿನ ತೋಳಿನ ಮೇಲೆ ಹೋಗಿ ಬರುತ್ತಿದೆ, ಹೋಗಿ ಬರುತ್ತಿದೆ — ಮೊದಲ ದಿನವೇ ಇದೇ ಹುಡುಗಿ ಕೇಳಿದ್ದಳು, ಪೋಸ್ಟರಿನಲ್ಲಿ ಹಾಕದ ಗುರುತು ಒಂದನ್ನ ನಮಗೆ ಮಾತ್ರ ಹೇಳಿ ಅಕ್ಕಾ, ಮಗು ಸಿಕ್ಕಿದೆ ಅಂತ ಆಟ ಆಡಿಸೋ ಜನ ಬಹಳ, ಆ ಗುರುತು ಹೇಳಿದೋರನ್ನ ಮಾತ್ರ ನಾವು ನಂಬೋದು. ಸರಿ, ನೀವು ಜಗತ್ತನ್ನು ನಂಬುವುದಕ್ಕೆ ಗುರುತು ಬೇಕು, ನಾನು ನಿಮ್ಮನ್ನು ನಂಬುವುದಕ್ಕೆ ಯಾವ ಗುರುತು, ನಿಮ್ಮ ಆ ಫೋನಿನ ಕೋಣೆಯಲ್ಲಿ ಎಷ್ಟು ಬಾಯಿ, ಎಷ್ಟು ಕಿವಿ, ಯಾರ ಭಾವ ಯಾರ ಮೈದುನ ಎಲ್ಲೆಲ್ಲಿ ಕೂತಿದ್ದಾನೋ, ಎಂದುಕೊಂಡು ಇವಳು ನಾಲಿಗೆ ತಡವರಿಸದೆ ಹೇಳಿದ್ದಳು, ಎಡಗಾಲಿನ ಅಂಗಾಲಲ್ಲಿ ಮಚ್ಚೆ, ಬಟಾಣಿಯಷ್ಟು. ಅಂಥದ್ದು ಇರಲೇ ಇಲ್ಲ, ಮಗಳ ಅಂಗಾಲು ಆಗಷ್ಟೇ ಮಡಿಕೆ ಬಿಚ್ಚಿದ ಬಟ್ಟೆ, ಒಂದು ಕಲೆ ಇಲ್ಲ. ಮಚ್ಚೆ ಇದೆ ಎಂದು ಯಾರಾದರೂ ಬಾಯಿಬಿಟ್ಟರೆ ಅವನು ಆ ಕೋಣೆಯಿಂದಲೇ ಬಂದವನು, ಕೊರಳಪಟ್ಟಿ ಹಿಡಿಯಬಹುದು, ಬಾಕಿ ಕರೆಗಳನ್ನೆಲ್ಲ ತನಗೆ ಹೇಳಿಯೇ ಹೇಳುತ್ತಾರೆ, ಸುಳ್ಳು ಯಾವುದು ನಿಜ ಯಾವುದು ತಾನೇ ಜಾಲಾಡಿದರಾಯಿತು ಎಂದು ಲೆಕ್ಕ ಹಾಕಿದ್ದಳು, ಗಂಡನಿಗೂ ಹೇಳಿರಲಿಲ್ಲ, ಗೊರಕೆ ಹೊಡೆಯುವವನಿಗೆ ಏನು ಹೇಳುವುದು, ನಿದ್ದೆ ಹೇಗೆ ಬರುತ್ತದೆ ಅವನಿಗೆ?

ಯಾರು ಮಾಡಿದ್ದು ಕರೆ, ಏನಂದ್ರು, ಪೂರ್ತಿ ಹೇಳು. ಮಕ್ಕಳ ಆಶ್ರಯಮನೆಯಲ್ಲಿ ಅಡುಗೆ ಮಾಡೋ ಅಮ್ಮ ಅಕ್ಕಾ, ಪೋಸ್ಟರ್ ನೋಡಿದ್ರಂತೆ, ನಮ್ಮಲ್ಲಿರೋ ಒಂದು ಮಗು ಹೀಗೇ ಕಾಣುತ್ತೆ ಅಂದ್ರು, ಆದ್ರೆ ಹೇನು ಅಂತ ತಲೆ ಬೋಳಿಸಿದ್ದಾರೆ, ಮುಖ ಸೊರಗಿದೆ, ಒಂದಕ್ಷರ ಮಾತಾಡಲ್ಲ, ಹೆಸರು ಕೇಳಿದರೂ ಇಲ್ಲ, ತಲೆಯಿಂದ ಕಾಲಿನವರೆಗೂ ನೋಡಿ ಗುರುತು ಹೇಳಿ ಅಂದ್ವಿ, ಸ್ನಾನ ಮಾಡಿಸಿ, ಎರಡೂ ಪಾದ ತೊಳೆದು ನೋಡಿದ್ರಂತೆ, ಮೈಮೇಲೆ ಏನೂ ಇಲ್ಲ, ನಿಮ್ಮದು ರೇಡಿಯೋ ಅಂತಿದ್ರಲ್ವಾ, ಇದು ಮೂಗಿ ಪಾಪ, ಸುಮ್ಮನೆ ಮಲಗುವಾಗ ಪಕ್ಕದಲ್ಲಿದ್ದೋರ ಕಿವಿ ಹಿಡ್ಕೊಳ್ಳುತ್ತಂತೆ ಅಷ್ಟೇ. ಕಿವಿ. ಫೋನು ಭುಜದಿಂದ ಜಾರಿತು, ಹಿಡಿದಳು. ಕಿವಿಯ ವಿಷಯ ಪೋಸ್ಟರಿನಲ್ಲಿಲ್ಲ, ಕಿವಿಯ ವಿಷಯ ಯಾರಿಗೆ ಗೊತ್ತು, ಗಂಡನಿಗೆ, ಹಾಂ, ನಾದಿನಿಗೆ, ನಾದಿನಿಯ ಪಕ್ಕದಲ್ಲೂ ಮಗು ಮಲಗಿದ್ದಿದೆ, ಬೆಳಗ್ಗೆ ಎದ್ದು ಹೇಳಿದ್ದಳಲ್ಲ, ರಾತ್ರಿಯೆಲ್ಲ ನನ್ನ ಕಿವಿ ಬಿಡಲಿಲ್ಲ ಅತ್ತಿಗೆ ನಿಮ್ಮ ಮಗಳು, ಮೇಷ್ಟ್ರು ಹಿಂಡಿದ ಹಾಗೆ — ಅವಳೇ ಹೇಳಿಕೊಟ್ಟಿರಬೇಕು, ಅಡುಗೆಯಮ್ಮ ಎನ್ನುವುದೇ ಸುಳ್ಳಿರಬೇಕು, ಯಾವುದೋ ಮೂಗಿ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ ನನ್ನದನ್ನು ತಾನು ಇಟ್ಟುಕೊಂಡು — ಏಯ್, ಯಾರಪ್ಪನ ಶರ್ಟು ಅದು, ಸುಡ್ತಿದೀಯಲ್ಲ, ಅಂಗಡಿಯ ಯಜಮಾನ ಆ ಬದಿಯಿಂದ ಕಿರುಚಿದ, ಪೆಟ್ಟಿಗೆ ಎತ್ತಿದಳು, ಕಂದು ಕಲೆ, ಇರಲಿ, ಕೇಳು ಕಣಮ್ಮ, ಕಿವಿ ಹೇಗೆ ಹಿಡಿಯುತ್ತೆ ಅಂತ ಹೇಳಿದ್ರಾ? ಹೇಗೆ ಅಂದ್ರೆ? ಹೇಗೆ ಅಂದ್ರೆ ಹೇಗೆ, ಹಿಂಡುತ್ತಾ, ಎಳೆಯುತ್ತಾ? ಅಯ್ಯೋ, ಅದೇನೋ ಅಂದ್ರು ಅಕ್ಕಾ, ಅವರಿಗೆ ನಗುವೇ ಬಂತು, ಹಿಡಿಯೋದು ಮೊದಮೊದಲು, ನಿದ್ದೆ ಹತ್ತೋ ಹೊತ್ತಿಗೆ ಕಿವಿಯ ಹಾಲೆ ಮಡಚಿ ಕಿವಿ ಒಳಗೇ ತುರುಕಿಬಿಡ್ತಾಳಂತೆ, ಬಾಗಿಲು ಹಾಕೋ ಹಾಗೆ, ಬಿಚ್ಚಿಕೊಂಡರೆ ಮತ್ತೆ ತುರುಕ್ತಾಳಂತೆ.

ಇದನ್ನು ನಾದಿನಿ ಹೇಳಿಕೊಟ್ಟಿರಲಾರಳು, ಅವಳ ಹಾಲೆಗಳು ಚಿಕ್ಕವು, ಮಡಚಲು ಬಾರದೆ ಮಗು ಬರಿದೇ ಹಿಡಿದುಕೊಂಡು ಮಲಗುತ್ತಿತ್ತು, ಗಂಡ ಮಲಗಿದರೆ ಮರದ ತುಂಡು, ಅವನಿಗೇನು ಗೊತ್ತು, ಇದು ಗೊತ್ತಿದ್ದದ್ದು ಇವಳ ಎಡಗಿವಿಗೊಂದಕ್ಕೇ, ಮಡಚಿದ ಹಾಲೆ, ಒದ್ದೆ ಬೆರಳು, ಒಳಗೆ ಕಡಲಿನ ಸದ್ದು — ಮಾತೇ ಆಡುವುದಿಲ್ಲವಂತೆ, ಯಾರು ಆಫ್ ಮಾಡಿದರು ಆ ರೇಡಿಯೋನ, ಎರಡೂ ಪಾದ ತೊಳೆದು ಗುರುತು ಹುಡುಕಿದರಂತೆ, ತಾನು ಇಟ್ಟ ಮಚ್ಚೆಯನ್ನು. ಮಚ್ಚೆ ಇಲ್ಲ ಕಣಮ್ಮ, ಎಂದಳು, ಇರಲೇ ಇಲ್ಲ, ನಿಮ್ಮ ಮೇಲೆ ಅನುಮಾನ ಪಟ್ಟು ನಾನೇ ಹುಟ್ಟಿಸಿದ್ದು, ಆ ಕಿವಿ ಮಡಚೋದು ನನ್ನ ಮಗಳೇ. ಆ ಕಡೆ ದನಿಯ ಸಕ್ಕರೆಯೆಲ್ಲ ಕರಗಿಹೋಗಿ ಬರಿಯ ಒಬ್ಬ ಹೆದರಿದ ಹುಡುಗಿ ಉಳಿದಳು, ಅಯ್ಯೋ ಅಕ್ಕಾ ಏನ್ ಮಾಡಿದ್ರಿ, ಆ ಮಗೂನ ಬೇರೆ ಊರಿನ ಆಶ್ರಯಮನೆಗೆ ಕಳಿಸ್ತಿದ್ದಾರಂತೆ, ಇವತ್ತೋ ನಾಳೆಯೋ, ಇರಿ, ಅವರ ನಂಬರ್ ಹುಡುಕ್ತೀನಿ, ನೀವೀಗ ಫೋನ್ ಇಡಿ, ನಾನೇ ವಾಪಸ್ ಮಾಡ್ತೀನಿ, ನನ್ನಾಣೆ, ಅಷ್ಟರಲ್ಲಿ ಒಂದು ಲೋಟ ನೀರು ಕುಡಿದು ಕೂತಿರಿ. ಫೋನನ್ನು ಎಡಗಿವಿಗೆ ಒತ್ತಿದಳು, ಇನ್ನೂ ಒತ್ತಿದಳು, ಹಾಲೆ ಮಡಚಿ ಒಳಗೆ ಹೋಯಿತು, ಮಡಚಿದ ಹಾಲೆ, ಮಡಚಿದ ಹಾಲೆ.

ಇಡಲ್ಲ, ಎಂದಳು.