ಟ್ಯಾಂಕಿನ ನೀರು

"ಸುಮ್ನೆ ನಿಂತಿತ್ತು ಕಣಪ್ಪ ನೀರು. ಎಣಿಸ್ದೆ, ಇಪ್ಪತ್ತು ಬಿಂದಿಗೆ ಆಯ್ತು" ಎಂದು ಅಮ್ಮಯಮ್ಮ ಫೋನಿನಲ್ಲಿ ಹೇಳಿದಾಗ, ಅವಳ ಮಗ ಕೆಂಪರಾಜ್ ನೆಲಮಂಗಲದ ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್ ರಾಡಿನ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

"ಯಾವ ನೀರಮ್ಮ?"

"ಅದೇ, ಶೆಡ್ಡಲ್ಲಿರೋ ಲಾರಿ ಟ್ಯಾಂಕಿಂದು. ಡೀಸೆಲ್ ವಾಸ್ನೆ, ದನಕ್ಕೂ ಆಗಲ್ಲ, ಗಿಡಕ್ಕೂ ಆಗಲ್ಲ. ಅಂಗ್ಳದ ಧೂಳಿಗಾದ್ರೂ ಆಗ್ಲಿ ಅಂತ ಬೆಳಿಗ್ಗೆ ಎದ್ದೋಳೇ ಚಿಮುಕ್ಸಿದೆ. ಕೆಳಗಿನ ನಟ್ಟು ಹಂಗೇ ಕೈಗೆ ಬಂತು. ವಾಪಸ್ ತಿರುಗ್ಸಿ ಮಡಗಿದೀನಿ, ಕಳ್ದೋಗಿಲ್ಲ."

ನಟ್ಟು ಕಳೆದಿರಲಿಲ್ಲ. ಟ್ಯಾಂಕಿನ ನೀರು ಕಳೆದಿತ್ತು.

ಅರಿಶಿನಕುಂಟೆಯ ಸರ್ವಿಸ್ ರಸ್ತೆ ಪಕ್ಕದ ಅವನ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಡೀಸೆಲ್ ಟ್ಯಾಂಕಿಗೆ ಬೆಸುಗೆ ಹಾಕುವ ಮೊದಲು ಬಿರುಕಿನ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಬೇಕು. ಖಾಲಿ ಟ್ಯಾಂಕು ಎಂದೂ ಖಾಲಿಯಲ್ಲ. ಒಳಗೆ ಆವಿ ಕೂತಿರುತ್ತದೆ, ಒಂದು ಕಿಡಿಗೆ ಕಾಯುತ್ತ. ಅವನಿಗೆ ಕೆಲಸ ಕಲಿಸಿದ ಚಿನ್ನಸ್ವಾಮಿ, ಮೂಸಿ ನೋಡಿ ವಾಸನೆಯೇ ಇಲ್ಲವೆಂದು, ಹಳೆಯದೊಂದು ಟ್ಯಾಂಕಿಗೆ ಕಿಡಿ ತಾಗಿಸಿದ್ದರು. ಮುಚ್ಚಳ ಹೆದ್ದಾರಿಯಾಚೆ ಸಿಕ್ಕಿತು. ಟೀ ಕೊಡಲು ಬಂದು ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಯೂ ಉಳಿಯಲಿಲ್ಲ.

ನಿನ್ನೆ ಸಂಜೆ ಕೆಂಪರಾಜನೇ ನೀರು ತುಂಬಿದ್ದ. ಇವತ್ತು ಬೆಳಿಗ್ಗೆ ತಂಗಿಯ ಗಂಡ ವಸಂತನಿಗೆ ಫೋನು ಮಾಡಿ, "ನೀರು ತುಂಬೈತೆ, ಧೈರ್ಯವಾಗಿ ತೇಪೆ ಹಾಕು, ಮಧ್ಯಾಹ್ನ ಲಾರಿಯವ್ನು ಬರ್ತಾನೆ" ಎಂದಿದ್ದವನೂ ಅವನೇ.

"ವಸಂತ ಬಂದ್ನಾ?"

"ಬಂದವ್ರೆ. ಅವ್ರ ಫೋನು ಇಲ್ಲೇ ಒಳಗೆ ಚಾರ್ಜಿಗೆ ಹಾಕವ್ರೆ." ಅಮ್ಮಯಮ್ಮ ದನಿಯನ್ನು ನಯ ಮಾಡಿ ಅಳಿಯನಂತೆಯೇ ಹೇಳಿದಳು: "'ಅತ್ತೆ, ನೀವ್ ಕೂತ್ಕೊಳಿ, ನೀವ್ಯಾಕೆ ಕಷ್ಟ ಪಡ್ತೀರಿ.' ನೀನೂ ಇದೀಯ, ಒಂದ್ ದಿನ ಕೂತ್ಕೊ ಅಂದಿದೀಯಾ?"

"ಅಮ್ಮ! ಈಗೇನ್ ಮಾಡ್ತಾವ್ನೆ ಅವ್ನು?"

"ಕಿಟಕೀಲಿ ಕಾಣ್ತಾವ್ರೆ. ಟ್ಯಾಂಕಿನ ಮೇಲೆ ಬ್ರಷ್ಷಲ್ಲಿ ಉಜ್ತಾವ್ರೆ. ಮಿಷಿನ್ನು ಗುಂಯ್ ಅಂತೈತೆ."

ಉಜ್ಜುವುದು ಮುಗಿದರೆ ಮುಂದೆ ರಾಡು. ಹೋಗಿ ಅವನ ಕೈ ಹಿಡಿ ಎನ್ನಲು ಬಾಯಿ ತೆರೆದ ಕೆಂಪರಾಜ್. ಕಣ್ಣ ಮುಂದೆ ಟೀ ಲೋಟ ಹಿಡಿದ ಚಿನ್ನಸ್ವಾಮಿಯ ಹೆಂಡತಿ ಬಂದಳು. ಬಾಯಿ ಮುಚ್ಚಿಕೊಂಡ. ವಿಷಯ ಹೇಳಿದರೆ ಅಮ್ಮ ಒಂದು ಕ್ಷಣವೂ ನಿಲ್ಲುವವಳಲ್ಲ, ನೇರ ಟ್ಯಾಂಕಿನ ಹತ್ತಿರಕ್ಕೇ ಓಡುವವಳು.

"ಬಾಗ್ಲಲ್ಲೇ ನಿಂತ್ಕೊಂಡು ವಸಂತಾ ಅಂತ ಜೋರಾಗಿ ಕೂಗಮ್ಮ. ಆಚೆ ಕಾಲಿಡ್ಬೇಡ."

"ಅಳಿಯನ್ನ ಹೆಸ್ರಿಡಿದು ಕೂಗಾದಾ? ಆರು ವರ್ಷದಿಂದ ಎದುರು ನಿಂತು ಮಾತಾಡಿಲ್ಲ ನಾನು. ಆ ಮಿಷಿನ್ ಸದ್ದಲ್ಲಿ ಕೂಗಿದ್ರೂ ಕೇಳಿಸ್ತದಾ?"

ಮಿಷಿನ್. ಕರೆಂಟು. ಶೆಡ್ಡಿಗೂ ಕರೆಂಟು ಕೊಡುವ, ಮನೆಯ ಗೋಡೆಯ ಮೇಲಿನ ಮೈನ್ ಸ್ವಿಚ್ಚು.

"ಅಮ್ಮ, ಅಡುಗೆಮನೆ ಪಕ್ಕದ ಮೈನು ಕೆಳಕ್ ಎಳಿ. ಈಗ್ಲೇ."

"ಅದು ಹೊಡೀತದಲ್ಲೋ! ಮುಟ್ಟಿದ್ರೆ ಕೈ ಕಡಿತೀನಿ ಅಂತ ನೀನೇ ಬೋರ್ಡು ತಗಲಾಕಿದೀಯಲ್ಲ. ಕೈ ಬೇರೆ ವದ್ದೆ."

ಊರಿನ ತಂತಿಗಳನ್ನೆಲ್ಲ ಸರಿ ಮಾಡುವ ಕೆಂಪರಾಜ್ ಸ್ವಂತ ಮನೆಯ ಆ ಕಬ್ಬಿಣದ ಡಬ್ಬಿಯನ್ನು ಎರಡು ವರ್ಷದಿಂದ ನಾಳೆ ನಾಳೆ ಎಂದೇ ದೂಡಿದ್ದ. ಇತ್ತ ತಂಗಿಯ ಗಂಡ, ಅತ್ತ ತಾಯಿ. ಯಾರನ್ನು ಯಾವುದರ ಹತ್ತಿರ ಕಳಿಸಲಿ?

"ಕೈ ಒರೆಸ್ಕೊ. ಮುದ್ದೆ ಕೋಲು ತಗೋ. ಒಣಗೈತಾ ಅದು?"

"ರಾತ್ರಿ ತೊಳ್ದಿದ್ದು, ಒಣಗಿರ್ತದೆ. ಯಾವ್ದು, ದೊಡ್ಡದಾ, ಚಿಕ್ಕದಾ?"

"ಅಯ್ಯೋ, ಯಾವ್ದೋ ಒಂದು! ಚಪ್ಲಿ ಮೆಟ್ಕೊ. ಒರಗ್ಬೇಡ ಎಲ್ಲೂ. ಕೋಲಲ್ಲಿ ಹಿಡಿಗೆ ಒಂದೇ ಏಟು ಹಾಕು."

"ಒಳಗೆ ಚಪ್ಲೀನಾ? ದೇವ್ರ ಗೂಡೈತಲ್ಲೋ..."

"ಅಮ್ಮಾ, ನಿನ್ ಕಾಲಿಗ್ ಬೀಳ್ತೀನಿ!"

ಅಂಗಡಿಯವನು ತಲೆಯೆತ್ತಿ ನೋಡಿದ. ಆ ಕಡೆ ಫೋನು ಕಲ್ಲಿನ ಮೇಲೆ ಕುಳಿತ ಸದ್ದು. ಟೀವಿಯಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು. ಚಪ್ಪಲಿ ಎಳೆದುಕೊಂಡು ಹೋದ ಸದ್ದು. ಒಂದು ಏಟು, ಟೀವಿ ನಿಲ್ಲಲಿಲ್ಲ. ಎರಡನೆಯ ಏಟು, ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಹೆಂಗಸು ಅರ್ಧಕ್ಕೇ ನಿಂತಳು. ಆಮೇಲೆ ಏನೂ ಇಲ್ಲ. ಅಮ್ಮನ ದನಿಯೂ ಇಲ್ಲ.

"ಅಮ್ಮ. ಅಮ್ಮೋ."

ದೂರದಿಂದ ವಸಂತನ ದನಿ ಹತ್ತಿರ ಬಂತು. "ಅತ್ತೆ, ಯಾಕೆ ಮೈನು ಬಿದ್ದೋಯ್ತು? ಸರೀರಿ, ನಾನ್ ಹಾಕ್ತೀನಿ."

"ವಸಂತಾ, ಹಾಕ್ಬೇಡ್ವೋ!" ಕೆಂಪರಾಜ್ ಅಂಗಡಿಯೇ ಅದುರುವಂತೆ ಕಿರುಚಿದ. ಕರೆ ಕಡಿದಿತ್ತು. ಮತ್ತೆ ಮಾಡಿದ. ಇಬ್ಬರ ಫೋನಿಗೂ ಮಾಡಿದ. ಎರಡೂ ಹೊಡೆದುಕೊಂಡವು, ಯಾರೂ ಎತ್ತಲಿಲ್ಲ.

ಬೈಕು ಸರ್ವಿಸ್ ರಸ್ತೆಗೆ ಎದುರುದಿಕ್ಕಿನಲ್ಲೇ ನುಗ್ಗಿತು. ಲಾರಿಯವರು ಬೈದರು. ಅವನ ಕಿವಿ ಒಂದೇ ಸದ್ದಿಗೆ ಕಾದಿತ್ತು. ಟಿಪ್ಪರೊಂದು ಹಂಪು ಹಾರಿ ಧಡಾರ್ ಎಂದಾಗ ಬ್ರೇಕು ಹಿಡಿದು ಕಣ್ಣು ಮುಚ್ಚಿ ನಿಂತೇಬಿಟ್ಟ. ಕಣ್ಣು ತೆರೆದು ನೋಡಿದರೆ ಅರಿಶಿನಕುಂಟೆಯ ಮೇಲೆ ಹೊಗೆಯಿರಲಿಲ್ಲ. ಹಾಗೆಂದು ಧೈರ್ಯವೂ ಬರಲಿಲ್ಲ.

ಮನೆಯೊಳಗೆ ಅಮ್ಮಯಮ್ಮ ಮೈನ್ ಸ್ವಿಚ್ಚಿಗೆ ಅಡ್ಡ ನಿಂತಿದ್ದಳು. ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದಿದ್ದಳು. ಎದುರಿಗೆ ವಸಂತ, ಹಣೆಯ ಮೇಲೆ ಏರಿಸಿದ ವೆಲ್ಡಿಂಗ್ ಮುಖವಾಡ, ಅದರ ಕೆಳಗೆ ಅವಮಾನ.

"ನೋಡಿ ಭಾವ, ಅತ್ತೆ ನಂಗೆ ಕೋಲು ಎತ್ತವ್ರೆ. ಫೋನೂ ಮುಟ್ಟಕ್ ಬಿಡ್ಲಿಲ್ಲ. ನಾನೇನ್ ಮಾಡ್ದೆ?"

"ನೀ ಬರಗಂಟ ಯಾರ್ನೂ ಬಿಡಬಾರ್ದು ಅನ್ನಿಸ್ತು ಕಣಪ್ಪ" ಎಂದಳು ಅಮ್ಮಯಮ್ಮ. "ನೀ ಕಾಲಿಗ್ ಬೀಳ್ತೀನಿ ಅಂದೆಯಲ್ಲ. ಯಾವತ್ತೂ ಅಂದೋನಲ್ಲ. ಏನೋ ಅದು?"

ಕೆಂಪರಾಜ್ ಮೈನಿನ ಹಿಡಿ ಕೆಳಗೇ ಇದೆಯೆಂದು ನೋಡಿಕೊಂಡ. ಶೆಡ್ಡಿಗೆ ನಡೆದ. ಬಿರುಕಿನ ಸುತ್ತ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಹೋಲ್ಡರಿಗೆ ಸಿಕ್ಕಿಸಿದ ಹೊಸ ರಾಡು ಪಕ್ಕದಲ್ಲೇ ಮಲಗಿತ್ತು. ಹಿಂದೆಯೇ ಬಂದ ವಸಂತ ಕೇಳಿದ, "ನೀರೈತಲ್ಲ ಭಾವ?"

ಕೆಂಪರಾಜ್ ಮಂಡಿಯೂರಿ ಕೆಳಗಿನ ನಟ್ಟು ಬಿಚ್ಚಿ ತೂತಿಗೆ ಅಂಗೈ ಒಡ್ಡಿದ. ವಸಂತ ಬಗ್ಗಿ ನೋಡಿದ.  ಅಂಗೈ ಒಣಗಿಯೇ ಇತ್ತು.