ಮೋರಿಯ ಮೇಲೆ ಮಲಗಿದ ಗೇಟು

"ದರಿದ್ರ ಮುಂಡೇವಾ, ಇದನ್ನೇನು ನಿಮ್ಮಪ್ಪನ ಗೋರಿಗೆ ತಂದಿದ್ದಾ?"

ತೋಟದ ಯಜಮಾನ ಡಾಂಬರಿನ ಖಾಲಿ ಡ್ರಮ್ಮುಗಳಲ್ಲಿ ಒಂದಕ್ಕೆ ಒದ್ದ. ಡ್ರಮ್ಮು ಅಲುಗಲಿಲ್ಲ, ಅವನೇ ಒಂಟಿಕಾಲಲ್ಲಿ ಕುಣಿದ. ಹಾರೆ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೈಯಿಂದ ಹಾರೆ ಇಳಿಸಿದ್ದನ್ನು ಯಾರೂ ಕಾಣದ್ದಕ್ಕೆ ಆ ಹೆಸರು.

"ಹೊಸ ಪೈಪು ಬೇಡ, ಎಲ್ಲಾದ್ರೂ ಬಿದ್ದಿರೋದನ್ನ ಹೆಕ್ಕಿ ತನ್ನಿ ಅಂದೋರು ನೀವೇ ಅಲ್ವಾ ಬುದ್ಧಿ? ರಸ್ತೆಯೋರು ಬಿಸಾಕಿ ಹೋಗಿದ್ರು. ತಳ ಕಿತ್ತು ಜೋಡಿಸಿದ್ರೆ ಮೋರಿ."

"ಕಾರು ಹತ್ತಿದ್ರೆ ಅಪ್ಪಚ್ಚಿ ಆಗಲ್ವೇನೇ?"

"ಮೇಲೆ ಕಬ್ಬಿಣ ಏನಾದ್ರೂ ಹಾಸಿದ್ರೆ ಆಗಲ್ಲ."

"ಅದಕ್ಕೂ ನನ್ನ ಜೇಬಿಗೇ ಕೈಯಾ? ತೋಟದಲ್ಲಿ ಸುಮ್ನಿರೋ ಕಬ್ಬಿಣ ಯಾವುದಾದ್ರೂ ಹಾಕಿ ಸಾಯ್ರಿ! ನಾಳೆ ಬೀಗರ ಕಾರು ಮನೆ ಬಾಗಿಲಿಗೆ ಬರ್ಬೇಕು."

"ಯಾವುದಾದ್ರೂ?"

"ಯಾವುದಾದ್ರೂ!" ಎಂದವನೇ ಪೇಟೆಗೆ ಹೋದ.

ಅಜ್ಜಿಯ ಮಗ ಡ್ರಮ್ಮುಗಳನ್ನು ಮನೆದಾರಿಗೆ ಅಡ್ಡವಿದ್ದ ಕಾಲುವೆಗಿಳಿಸಿ, ಸಂದಿಗೆ ಕಲ್ಲು ಗಿಡಿದು ತಲೆ ಕೆರೆದುಕೊಂಡ. "ಕಬ್ಬಿಣ ಎಲ್ಲವ್ವಾ?"

ಅಜ್ಜಿ ಕೂಲಿಯವರ ಸಾಲುಮನೆಗಳತ್ತ ಗದ್ದ ಎತ್ತಿದಳು. ಅಲ್ಲಿ ತೋಟದ ಬಾಯಿಗೆ ಕಬ್ಬಿಣದ ಗೇಟು. ಕೂಗಿದರೆ ಕೇಳುವಷ್ಟು ದೂರದಲ್ಲಿ, ಈ ಕಾಲುವೆಯಾಚೆಯೇ ಬಾವಿಯಿದ್ದರೂ, ಇವರ ಕಾಲಿಂದ ತೋಟ ಹೊಲಸಾಗುತ್ತದೆಂದು ಯಜಮಾನ ಬೀಗ ಜಡಿದಿದ್ದ. ಈಗ ನೀರಿಗೆ ಗುಡ್ಡ ಸುತ್ತಬೇಕು. ತುಂಬು ಬಸುರಿ ಸೊಸೆ ನಿನ್ನೆ ಆ ಇಳಿಜಾರಲ್ಲಿ ಕೊಡದ ಸಮೇತ ಬಿದ್ದಿದ್ದಳು.

"ಬೀಗ ಇದೆಯಲ್ಲವ್ವಾ!"

"ಬೀಗ ಯಾರು ಮುಟ್ತಾರೋ ಪೆದ್ದ? ಕೀಲು ಈ ಕಡೆ ಇದೆ."

ಹಾರೆ ಕೊಟ್ಟು ಮೀಟಿದಳು. ಗೇಟು ಬೀಗದ ಸಮೇತ ಹಳೇ ಹಲ್ಲಿನಂತೆ ಕಿತ್ತು ಬಂತು.

ಮರುದಿನ ಯಜಮಾನನ ಕಾರು ಕುಲುಕದೆ ಮೋರಿ ದಾಟಿತು. ಇಳಿದು ಮೀಸೆ ತೀಡುತ್ತಿದ್ದವನಿಗೆ ಮೋರಿಗೆ ಹರಡಿದ್ದ ಮಣ್ಣಿನಂಚಿನಲ್ಲಿ ಬೀಗ ಕಂಡಿತು.

"ಲೇ! ನನ್ನ ಗೇಟು!"

"ಸುಮ್ನೆ ನಿಂತಿತ್ತು ಬುದ್ಧಿ. ಪಾಪ, ಮಲಗಿಸಿದ್ವಿ."

"ಈಗಿಂದೀಗ್ಲೇ ಕೀಳೇ, ಹಾಳಾದವಳೇ!"

ತಿರುವಿನಲ್ಲಿ ಬೀಗರ ಕಾರಿನ ಹಾರ್ನು ಕೇಳಿತು. ಅಜ್ಜಿ ಹಾರೆಯನ್ನು ಅವನ ಮುಂದೆ ನೆಟ್ಟಳು.

"ಮೂವತ್ತು ವರ್ಷ ನಾನೇ ಹಿಡ್ದೆ. ಇವತ್ತು ನೀವು ಹಿಡೀರಿ. ಬೀಗರಿಗೆ ಕಾಲುವೆ ಹಾರೋಕೆ ನಾನು ಹೇಳ್ತೀನಿ."

ಯಜಮಾನ ಹಾರೆ ಹಿಡಿದ. ಕೀಳಲೂ ಇಲ್ಲ, ಬಿಡಲೂ ಇಲ್ಲ.

ಅಷ್ಟರಲ್ಲಿ ಬೋಳು ಕಂಬಗಳ ನಡುವಿನಿಂದ ಸೊಸೆ ಖಾಲಿ ಕೊಡ ಹಿಡಿದು ಬಂದಳು. ಬೀಗರ ಕಾರು ಮೋರಿಯ ಬಾಯಲ್ಲಿ ನಿಂತು ಹಾರ್ನು ಬಾರಿಸಿತು. ಅವಳು ತಿರುಗಿ ನೋಡಲಿಲ್ಲ. ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಗೇಟಿನ ಮೇಲೆ ಮೆಲ್ಲಗೆ, ಬಲು ಮೆಲ್ಲಗೆ ಬಾವಿಯತ್ತ ನಡೆದಳು.